ನಮ್ಮೂರ ಸೊಪ್ಪಿನ ಬೆಟ್ಟದಲ್ಲಿ ಹೊನ್ನೆ ಮರದ ತೊಗಟೆ ಕೆತ್ತಿ ಸಾಯಿಸ್ತಿದಾರೆ, ಊರೊಳಗೆ ಜಗಳ ಆಗದೇ ತಡೆಯೋದು ಹ್ಯಾಗೆ?

ಬೆಟ್ಟದ ಮಾಣಿ:
ಎಲ್ಲರಿಗೂ ನಮಸ್ಕಾರ. ನಮ್ಮದು ಸಿದ್ದಾಪುರ ತಾಲೂಕು, ಊರ ಹೆಸರು ಬೇಡ, ನಮ್ಮೂರವ್ರೂ ಇಲ್ಲಿ ಓದ್ತಾರೆ. ಎಂಟು ವರ್ಷ ಬೆಂಗಳೂರಲ್ಲಿದ್ದು ಈಗ ತೋಟ ನೋಡ್ಕೊಳ್ಳೋಕೆ ವಾಪಸ್ ಬಂದಿದೀನಿ. ಹೋದ ವಾರ ದರಕು, ಅಂದ್ರೆ ಉದುರಿದ ಒಣ ಎಲೆ, ಗುಡಿಸೋಕೆ ಅಂತ ತೋಟಕ್ಕೆ ಸೊಪ್ಪು ತರೋ ನಮ್ಮ ಬೆಟ್ಟಕ್ಕೆ ಹೋದಾಗ ಮೂರು ಹೊನ್ನೆ ಮರದ ಬುಡದಲ್ಲಿ ಮೊಣಕಾಲೆತ್ತರಕ್ಕೆ ಸುತ್ತಲೂ ತೊಗಟೆ ಕೆತ್ತಿದ್ದು ಕಾಣಿಸ್ತು. ಹೊನ್ನೆಗೆ ಕಚ್ಚು ಬಿದ್ರೆ ಕೆಂಪು ಸೋನೆ ಇಳಿಯತ್ತಲ್ಲ, ಬುಡ ಪೂರ್ತಿ ರಕ್ತ ಹರಿದು ಒಣಗಿದ ಹಾಗಿತ್ತು. ಇಬ್ಬರು ಕೈ ಜೋಡಿಸಿದ್ರೂ ತಬ್ಬೋಕಾಗದ ಮರಗಳು ಅವು, ನಮ್ಮಜ್ಜ ಅವಕ್ಕೆ ಯಾವತ್ತೂ ಕತ್ತಿ ತಾಗಿಸಿದ್ದಿಲ್ಲ. ಎರಡು ಮರ ಆಗ್ಲೇ ಎಲೆ ಉದುರಿಸಿವೆ.

ಯಾರು ಮಾಡಿದ್ದು ಅಂತ ಊರಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡಲ್ಲ. ಮೊದಲು ಒಣಗಿಸೋದು, ಆಮೇಲೆ ಒಣಮರ ಬಿತ್ತು ಅಂತ ನಾಟಾ (ಮನೆಗೆ ಬಳಸೋ ಮರಮುಟ್ಟು) ಮಾಡೋದು, ಆ ಜಾಗಕ್ಕೆ ಜೆಸಿಬಿ ತಂದು ಅಡಿಕೆ ಸಸಿ ಹಾಕೋದು. ಅಪ್ಪನ್ನ ಕೇಳಿದ್ರೆ "ದಿನಾ ಮುಖ ನೋಡೋರ ಹತ್ರ ನಿಷ್ಠುರ ಯಾಕೆ" ಅಂತಾರೆ. ಮರ ಅಪ್ಪಿಕೊಂಡು ಕಡಿಯೋದನ್ನ ತಡೆದ ಅಪ್ಪಿಕೋ ಚಳುವಳಿ ಹುಟ್ಟಿದ ನೆಲ ಇದು. ಆಗ ಹೊರಗಿನ ಗುತ್ತಿಗೆದಾರ ಕಡಿಯೋಕೆ ಬಂದಿದ್ದ, ಊರೇ ಎದ್ದು ನಿಲ್ತು. ಈಗ ಕಡಿಯೋನು ನಮ್ಮ ಪಕ್ಕದ ಮನೆಯವನೇ ಆದ್ರೆ ಏನು ಮಾಡ್ಬೇಕು? ಅನುಭವ ಇರೋರು ದಯವಿಟ್ಟು ಹೇಳಿ.

ಸುರಗಿ:
ಓದಿ ಹೊಟ್ಟೆ ಉರೀತು. ಫೋಟೋ ತೆಗೆದಿಟ್ಟಿದೀರಾ? ತಾರೀಕು ಸಮೇತ ಇಟ್ಕೊಳ್ಳಿ ಮೊದಲು.

ಟ್ರಾಫಿಕ್‌ನಲ್ಲಿ ಸಿಕ್ಕವ:
ಒಂದು ಆನ್‌ಲೈನ್ ಪಿಟಿಶನ್ ಮಾಡಿ ಬ್ರೋ, ನಾವೆಲ್ಲ ಶೇರ್ ಮಾಡ್ತೀವಿ. ಮೀಡಿಯಾಗೆ ಬಂದ್ರೆ ಎಲ್ಲ ಸರಿಹೋಗತ್ತೆ.

ಅಡಿಕೆ ಸುಲಿಯೋಳು:
ಪಿಟಿಶನ್‌ಗೆ ಸಹಿ ಹಾಕೋರು ಬೆಂಗಳೂರಲ್ಲಿ ಇರ್ತಾರೆ ತಮ್ಮಾ, ನಾಳೆ ಹಾಲು ಹಾಕೋಕೆ ಡೈರಿಗೆ ಹೋದಾಗ ಆ ಮನೆಯವರ ಪಕ್ಕ ಈ ಹುಡುಗನೇ ನಿಲ್ಬೇಕು. ಮೀಡಿಯಾ ಕರೆಸಿದ್ರೆ ಊರು ಎರಡು ಪಾರ್ಟಿ ಆಗತ್ತೆ, ಮರದ ಮಾತು ಹಿಂದೆ ಬಿದ್ದು ಯಾರು ಮರ್ಯಾದೆ ಕಳೆದ್ರು ಅನ್ನೋದೇ ಮಾತಾಗತ್ತೆ. ನಮ್ಮೂರಲ್ಲಿ ಹಾಗೇ ಆಯ್ತು, ಐದು ವರ್ಷ ಒಬ್ಬರ ಮನೆ ಊಟಕ್ಕೆ ಇನ್ನೊಬ್ಬರು ಹೋಗ್ಲಿಲ್ಲ, ಕಡೆಗೆ ಮರಾನೂ ಉಳೀಲಿಲ್ಲ.

ಕಾನುಮನೆ:
ಮಾಣಿ, ನಾನು ಶಿರಸಿಯ ಸಾಲ್ಕಣಿ ಕಡೆಯವ. 1983ರ ಸೆಪ್ಟೆಂಬರ್ 8ರಂದು ನಮ್ಮ ಜನ ಕಳಾಸೆ ಕಾಡಿಗೆ ಹೋಗಿ ಮರ ಅಪ್ಪಿಕೊಂಡಾಗ ನಾನು ಆರನೇ ಕ್ಲಾಸು. ಅಪ್ಪ, ದೊಡ್ಡಪ್ಪ, ಅತ್ತೆ ಎಲ್ಲಾ ಹೋಗಿದ್ರು. ಸೆಪ್ಟೆಂಬರ್ ಅಂದ್ರೆ ಕಾಡಲ್ಲಿ ರಕ್ತ ಹೀರೋ ಉಂಬಳ ಹೆಂಗಿರತ್ತೆ ಗೊತ್ತಲ್ಲ, ಅತ್ತೆ ಸಂಜೆ ಬಂದು ಕಾಲಿಗೆ ಸುಣ್ಣ ಹಚ್ಚಿಕೊಳ್ತಾ ಕೂತಿದ್ದು ಇನ್ನೂ ಕಣ್ಣಲ್ಲಿದೆ. 38 ದಿನ ಪಾಳಿ ಮೇಲೆ ಹೋದ್ರು. ನಿಡಗೋಡಲ್ಲೂ ಜನ ಹಂಗೇ ನಿಂತ್ರು, ಅದು ನಿಮ್ಮ ಸಿದ್ದಾಪುರ ತಾಲೂಕೇ.

ಒಂದು ವಿಷಯ ನೆನಪಿಡು. ಅಪ್ಪಿಕೋ ಅಂದ್ರೆ ಮರ ಮುಟ್ಟಬೇಡಿ ಅಂತಲ್ಲ. ಚಳುವಳಿ ಮುನ್ನಡೆಸಿದ ಪಾಂಡುರಂಗ ಹೆಗಡೆಯವ್ರು ಹಿಮಾಲಯದ ಚಿಪ್ಕೋ ಚಳುವಳಿಯಲ್ಲಿ ಸುಂದರಲಾಲ್ ಬಹುಗುಣರ ಜೊತೆ ಇದ್ದು ಬಂದವ್ರು, ಆದ್ರೂ ಇಲ್ಲಿ ಕೂಗಿದ ಘೋಷಣೆ "ಉಳಿಸು, ಬೆಳೆಸು, ಬಳಸು". ಬಳಸು ಅನ್ನೋದೂ ಅದರಲ್ಲೇ ಇದೆ. ನಮಗೆ ಸೊಪ್ಪು ಬೇಕಿತ್ತು, ದರಕು ಬೇಕಿತ್ತು, ಹಳ್ಳದಲ್ಲಿ ಬೇಸಿಗೆಗೆ ನೀರು ಬೇಕಿತ್ತು, ಪ್ಲೈವುಡ್ಡಿನವ್ರು ಬಂದು ಬೋಳು ಮಾಡಿದ್ರೆ ತೋಟ ಉಳೀತಿರ್ಲಿಲ್ಲ. ಹೊಟ್ಟೆಪಾಡಿನ ಹೋರಾಟ ಆಗಿದ್ದಕ್ಕೇ ಇಡೀ ಊರು ಬಂತು. ನಿನ್ನ ಪಕ್ಕದ ಮನೆಯವನಿಗೂ ಆ ಲೆಕ್ಕದಲ್ಲೇ ಮಾತಾಡು.

ನಿವೃತ್ತ ಮೇಷ್ಟ್ರು:
ಕಾನುಮನೆಯವರ ಮಾತಿಗೆ ಹಿನ್ನೆಲೆ ಸೇರಿಸ್ತೀನಿ, ಚಿಕ್ಕ ವಯಸ್ಸಿನವರಿಗೆ ಬೇಕಾಗಬಹುದು. ಘಟ್ಟದ ಮೇಲೆ ಬ್ರಿಟಿಷರ ಕಾಲದಿಂದ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೂ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟಿದ್ದಾರೆ. ಸೊಪ್ಪು, ದರಕು, ಉರುವಲು ನಮ್ಮದು, ನೆಲ ಮತ್ತು ಮರ ಸರ್ಕಾರದ್ದು. ಇನ್ನೊಂದು ಕಡೆ ಅದೇ ಸರ್ಕಾರ ದಾಂಡೇಲಿಯ ಕಾಗದದ ಕಾರ್ಖಾನೆಗೆ 1958ರಲ್ಲಿ ಬಿದಿರನ್ನ ಟನ್ನಿಗೆ ಒಂದೂವರೆ ರೂಪಾಯಿಗೆ ಕೊಟ್ಟಿತು. ಬುಟ್ಟಿ ನೇಯೋ ಮೇದಾರ ಪೇಟೆಯಲ್ಲಿ ಅದರ ನೂರಾರು ಪಟ್ಟು ಕೊಟ್ಟು ತರ್ತಿದ್ದ. ಕಾಡು ಯಾರಿಗೆ ಅಗ್ಗ, ಯಾರಿಗೆ ತುಟ್ಟಿ ಅನ್ನೋದು ಜನಕ್ಕೆ ಆಗಲೇ ಅರ್ಥ ಆಗಿತ್ತು. ಬೇಡ್ತಿ ಅಣೆಕಟ್ಟಿನ ವಿರುದ್ಧದ ಹೋರಾಟವೂ ಅಪ್ಪಿಕೋಗಿಂತ ಮೊದಲೇ ಶುರುವಾಗಿದ್ದರಿಂದ ಹಳ್ಳಿಗಳಲ್ಲಿ ಸಭೆ ಸೇರಿಸಿ ಗೊತ್ತಿತ್ತು.

ಸಾಗರದ ಬಡಗಿ:
ಎಲ್ಲಾರೂ ಮರ ಉಳಿಸಿ ಅಂತೀರಿ, ಸಂತೋಷ. ಆದ್ರೆ ಮನೆ ಕಟ್ಟೋವಾಗ ಬಾಗ್ಲು ಹೊನ್ನೇದೇ ಬೇಕು, ತೊಲೆಗೆ ಮತ್ತಿ, ದೇವ್ರ ಮಂಟಪಕ್ಕೆ ಬೀಟೆ ಅಂತ ಬರೋರೂ ನೀವೇ. ಅರಣ್ಯ ಇಲಾಖೆ ಡಿಪೋದಲ್ಲಿ ಹರಾಜಿಗೆ ಹೋದ್ರೆ ರೇಟ್ ಕೈಗೆ ಸಿಗಲ್ಲ, ಬಿಲ್ ಇಲ್ಲದ ಮಾಲು ಅರ್ಧಕ್ಕೆ ಸಿಗತ್ತೆ, ಗಿರಾಕಿ ಅದನ್ನೇ ಕೇಳ್ತಾನೆ. ನಾನು ಐದು ವರ್ಷದಿಂದ ಹಳೇ ಮನೆ ಕೆಡವಿದ ನಾಟಾ ಬಿಟ್ಟು ಹೊಸ ಹೊನ್ನೆ ಮುಟ್ಟಲ್ಲ ಅಂತ ನಿರ್ಧಾರ ಮಾಡಿದೀನಿ. ನೂರು ವರ್ಷದ ಹಳೇ ಜಂತಿ ಒಮ್ಮೆ ಉಜ್ಜಿದ್ರೆ ಒಳಗೆ ಹೊಸಾದಕ್ಕಿಂತ ಚಂದ ಇರತ್ತೆ. ಕೆಲಸ ಸ್ವಲ್ಪ ಕಮ್ಮಿ ಆಯ್ತು, ಆದ್ರೂ ನಡೀತಿದೆ.

ಸುರಗಿ:
@ಸಾಗರದ ಬಡಗಿ ಅಣ್ಣಾ ನಿಮ್ಮಂಥವ್ರು ಊರಿಗೊಬ್ರು ಇದ್ರೆ ಸಾಕಾಗಿತ್ತು. ಕೊಳ್ಳೋನು ಇಲ್ಲದಿದ್ರೆ ಕೆತ್ತೋನು ಎಲ್ಲಿಂದ ಬರ್ತಾನೆ.

ಕಾಫಿ ಕಣಿವೆ:
ಕೊಡಗಿನಿಂದ ಬರೀತಿದೀನಿ. ನಮ್ಮಲ್ಲಿ ಕಥೆ ಬೇರೆ, ಬೇರು ಒಂದೇ. ಬಾಣೆ ಜಾಗದಲ್ಲಿ (ಗದ್ದೆಗೆ ಸೇರಿದ ಗುಡ್ಡದ ಜಾಗ) ನಿಂತ ಬೀಟೆ ಮರದ ಮೇಲೆ ಸರ್ಕಾರದ ಹಕ್ಕು, ತೋಟ ನಮ್ಮದಾದ್ರೂ ಮರ ನಮ್ಮದಲ್ಲ. ಹಾಗಾಗಿ ಏನಾಯ್ತು? ತಾನಾಗೇ ಹುಟ್ಟಿದ ಬೀಟೆ ಸಸಿ ಕಂಡ್ರೆ ಕೆಲಸದವರು ಕಳೆ ತೆಗೆಯೋವಾಗ ಅದನ್ನೂ ತೆಗೀತಾರೆ, ದೊಡ್ಡದಾದ್ರೆ ತಲೆನೋವು ಅಂತ ಮಾಲೀಕರೇ ಸುಮ್ನಿರ್ತಾರೆ. ನೆರಳಿಗೆ ಸಿಲ್ವರ್ ಓಕ್ ಹಾಕ್ತಾರೆ, ಬೇಗ ಬೆಳೆಯತ್ತೆ, ಕಡಿಯೋಕೂ ತಾಪತ್ರಯ ಇಲ್ಲ. ಬೀಟೆ ಇವತ್ತು ಜಗತ್ತಲ್ಲೇ ಅಪಾಯದಲ್ಲಿರೋ ಮರಗಳ ಪಟ್ಟಿಯಲ್ಲಿದೆ, 2017ರಿಂದ ಆ ಜಾತಿಯ ಎಲ್ಲಾ ಮರಗಳ ವ್ಯಾಪಾರಕ್ಕೆ ಅಂತಾರಾಷ್ಟ್ರೀಯ ನಿರ್ಬಂಧ ಬಂದಿದೆ. ಆದ್ರೆ ಬೆಳೆಸೋನಿಗೆ ಅದರಿಂದ ಏನೂ ಸಿಗಲ್ಲ ಅಂದ್ರೆ ಬೆಳೆಸೋದು ಯಾರು? ನಮ್ಮಲ್ಲಿ ಇನ್ನೂ ಹಳೇ ಮರ ಉಳಿದಿರೋದು ದೇವರಕಾಡಲ್ಲಿ, ಅಲ್ಲಿ ಊರವರೆಲ್ಲರ ಕಣ್ಣಿರತ್ತೆ.

ಅಡಿಕೆ ಸುಲಿಯೋಳು:
ಕಣ್ಣಿರಬೇಕು ಅನ್ನೋದು ಸತ್ಯದ ಮಾತು.

ಕುಮಟೆ ತಂಗಿ:
ಕಣ್ಣಿಡೋ ವಿಷಯ ಬಂತಲ್ಲ, ನಮ್ಮ ಕುಮಟಾದ ಹಳಕಾರ ಬಗ್ಗೆ ಯಾರೂ ಹೇಳ್ಲಿಲ್ಲ ಮಾರಾಯ್ರೇ. 1920ರ ದಶಕದಿಂದ ಅಲ್ಲಿ ಗ್ರಾಮ ಅರಣ್ಯ ಪಂಚಾಯ್ತಿ ಇದೆ. ಊರವರೇ ಕಾವಲುಗಾರನ್ನ ಇಟ್ಟು, ಯಾವಾಗ ಎಷ್ಟು ಸೌದೆ ತರ್ಬೇಕು, ದರಕು ಯಾವಾಗ ಗುಡಿಸ್ಬೇಕು ಅಂತ ನಿಯಮ ಮಾಡಿ ನಡೆಸಿಕೊಂಡು ಬಂದ್ರು. ಸರ್ಕಾರ ಇಂಥ ಪಂಚಾಯ್ತಿಗಳನ್ನ ರದ್ದು ಮಾಡೋಕೆ ಹೊರಟಾಗ ಅವ್ರು ಕೋರ್ಟಿಗೆ ಹೋಗಿ ಉಳಿಸಿಕೊಂಡ್ರು. ನಮ್ಮಮ್ಮನ ತವರು ಅದರ ಹತ್ರ, ಸಣ್ಣೋಳಿದ್ದಾಗ ಅಜ್ಜಿ ಜೊತೆ ಹೋದಾಗ ಕಾವಲುಗಾರ ಕತ್ತಿ ನೋಡಿ ಇದು ಯಾಕೆ ತಂದ್ರಿ ಅಂತ ಕೇಳಿದ್ದ, ಅಜ್ಜಿಗೆ ಬೇಜಾರೇ ಆಗ್ಲಿಲ್ಲ, ಅವನ ಕೆಲಸ ಅವ ಮಾಡ್ತಾನೆ ಅಂದ್ರು. ಸುತ್ತ ಜನ ತುಂಬಿರೋ ಕರಾವಳಿಯಲ್ಲಿ ಒಂದು ಹಸಿರು ಗುಡ್ಡ ಹಂಗೇ ನಿಂತಿರೋದು ಇದಕ್ಕೇ.

ಕಾಡುಗಾವಲು:
ಇಲಾಖೆಯಲ್ಲಿ ತಳಮಟ್ಟದ ಕೆಲಸದಲ್ಲಿದೀನಿ, ಹೆಸರು ಹೇಳಲ್ಲ. ಎಲ್ಲಾರೂ ನಮ್ಮನ್ನೇ ಬಯ್ತೀರಿ, ಒಬ್ಬ ಗಾರ್ಡು ನೋಡ್ಕೊಳ್ಳೋ ಒಂದು ಬೀಟಲ್ಲಿ ಐದಾರು ಊರಿನ ಬೆಟ್ಟ ಇರತ್ತೆ, ನಾನೊಬ್ಬ ಬೈಕಲ್ಲಿ ಎಷ್ಟು ಸುತ್ತೋಕಾಗತ್ತೆ ಹೇಳಿ. ತೊಗಟೆ ಕೆತ್ತೋರು ಕೊಡಲಿ ಸದ್ದು ಮಾಡಲ್ಲ, ಹತ್ತು ನಿಮಿಷದ ಕೆಲಸ, ಮರ ಬೀಳೋಕೆ ಆರು ತಿಂಗಳು ವರ್ಷ. ಅಷ್ಟರಲ್ಲಿ ಯಾರು ಅಂತ ಹೆಂಗೆ ಸಾಬೀತು ಮಾಡೋದು.

ಮಾಣಿಯವ್ರೇ ನೀವು ಮಾಡಬೇಕಾದ್ದು ಇಷ್ಟು. ಯಾರ ಹೆಸರೂ ಬರೀದೇ, ಇಂಥಾ ಸರ್ವೆ ನಂಬರಿನ ಬೆಟ್ಟದಲ್ಲಿ ಇಂಥಾ ದಿನ ಇಷ್ಟು ಮರಕ್ಕೆ ಹಾನಿ ಆಗಿದೆ ಅಂತ ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಹಾಕಿಸ್ಕೊಳ್ಳಿ, ಅರಣ್ಯ ಸಹಾಯವಾಣಿ 1926ಕ್ಕೂ ಫೋನ್ ಮಾಡಬಹುದು. ಒಮ್ಮೆ ಮಹಜರು ಆಗಿ ಮರಕ್ಕೆ ನಂಬರ್ ಬಿದ್ರೆ ಆಮೇಲೆ ಅದನ್ನ ಒಣಮರ ಅಂತ ಸುಲಭವಾಗಿ ಸಾಗಿಸೋಕಾಗಲ್ಲ. ಲಾಭ ಇಲ್ಲ ಅಂತ ಗೊತ್ತಾದ್ರೆ ನಾಲ್ಕನೇ ಮರಕ್ಕೆ ಕೈ ಹಾಕಲ್ಲ.

ಬೆಟ್ಟದ ಮಾಣಿ:
ಇದು ನಿಜಕ್ಕೂ ಉಪಯೋಗ ಆಯ್ತು ಸರ್, ಯಾರ ಮೇಲೂ ಹೆಸರು ಹಾಕದೇ ಅರ್ಜಿ ಕೊಡಬಹುದು ಅಂತ ಹೊಳೆದಿರ್ಲಿಲ್ಲ. ಮೂರನೇ ಮರ ಇನ್ನೂ ಹಸಿರಿದೆ. ಉಳಿಸೋಕಾಗತ್ತಾ ಯಾರಿಗಾದ್ರೂ ಗೊತ್ತಾ?

ಕಾನುಮನೆ:
ಸುತ್ತ ಪೂರ್ತಿ ತೆಗೆದಿದಾರಾ ಅಥವಾ ಎಲ್ಲಾದ್ರೂ ನಾಲ್ಕು ಬೆರಳಷ್ಟು ತೊಗಟೆ ಉಳಿದಿದ್ಯಾ? ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯೋದು ತೊಗಟೆ ಒಳಪದರದಿಂದಲೇ, ಒಂದು ಪಟ್ಟಿ ಉಳಿದಿದ್ರೂ ಆಸೆ ಇದೆ. ಸಗಣಿ ಮತ್ತು ಜೇಡಿಮಣ್ಣು ಕಲಸಿ ದಪ್ಪಗೆ ಮೆತ್ತಿ ಗೋಣಿ ಸುತ್ತು, ಗಾಯ ಒಣಗೋಕೆ ಬಿಡಬೇಡ.

ಹಾವೇರಿ ಹುಡುಗ:
ನಮ್ಮ ಕಡೀದೂ ಒಂದ್ ಮಾತ ಹೇಳ್ತೀನ್ರೀ. 1987ರ ನವೆಂಬರ್ 14ಕ್ಕ ಕುಸನೂರಾಗ ರೈತರು ನೀಲಗಿರಿ ಸಸಿ ಕಿತ್ತು ಆ ಜಾಗಾದಾಗ ಊರಿಗೆ ಬೇಕಾದ ಗಿಡ ಹಚ್ಚಿದ್ರು, ಕಿತ್ತಿಕೋ-ಹಚ್ಚಿಕೋ ಅಂತ ಹೆಸರಾತು. ಸರ್ಕಾರ ಒಂದು ಕಂಪನಿ ಕೂಡ ಸೇರಿ 30,000 ಹೆಕ್ಟೇರ್ ಹತ್ರ ಗೋಮಾಳ ಎಲ್ಲಾ ನೀಲಗಿರಿಗೆ ಕೊಟ್ಟಿತ್ತು, ದನ ಮೇಯಾಕ ಜಾಗಾ ಇಲ್ದಂಗಾಗಿತ್ತು. ಎಸ್.ಆರ್. ಹಿರೇಮಠರು, ಸಮಾಜ ಪರಿವರ್ತನ ಸಮುದಾಯದವ್ರು ಸುಪ್ರೀಂ ಕೋರ್ಟ್ ತನಕ ಹೋದ್ರು, 1991ಕ್ಕ ಆ ಕಂಪನಿ ಮುಚ್ಚಿತು. ನಮ್ಮ ಮುತ್ಯಾ ಆ ಸತ್ಯಾಗ್ರಹದಾಗ ಇದ್ದಾಂವ. ಬರೇ ಕೂಗಾಡೂದಲ್ಲ ತಮ್ಮಾ, ಕಾಗದಾ ಸೈತ ಗಟ್ಟಿ ಇರಬೇಕು ಅಂತಿದ್ದ.

ಶರಾವತಿ ದಂಡೆ:
ನೀಲಗಿರಿ ಹೋಗಿ ಅಕೇಶಿಯಾ ಬಂತಲ್ಲ ಸರ್. ನಮ್ಮ ಶಿವಮೊಗ್ಗ ಜಿಲ್ಲೇಲಿ ಕಾಗದದ ಕಾರ್ಖಾನೆಗೆ ಅಂತ ಲೀಸ್ ಕೊಟ್ಟ ಕಾಡೇ ಸುಮಾರು 20 ಸಾವಿರ ಹೆಕ್ಟೇರ್, 40 ವರ್ಷದ ಲೀಸ್ 2020ಕ್ಕೆ ಮುಗೀತು, ಕಾರ್ಖಾನೆ ಬಾಗ್ಲು ಹಾಕಿದ್ರೂ ಮತ್ತೆ ಮುಂದುವರಿಸೋಕೆ ಹೊರಟ್ರು. ನಮ್ಮೂರಿಗೆ ಅಕೇಶಿಯಾ ಬೇಡ ಅಂತ ಊರೂರಲ್ಲಿ ಸಭೆ ಆಯ್ತು. ಅಕೇಶಿಯಾ ಬುಡದಲ್ಲಿ ಹುಲ್ಲು ಹುಟ್ಟಲ್ಲ, ಎಲೆ ಬೇಗ ಕೊಳೆಯಲ್ಲ, ದನ ಮೂಸಿ ನೋಡಲ್ಲ. ಅದರ ಗಾಳಿಗೆ ಉಬ್ಬಸ ಬರತ್ತೆ ಅಂತ ಡಾಕ್ಟ್ರುಗಳೇ ಹೇಳ್ತಾರೆ.

ನಿವೃತ್ತ ಮೇಷ್ಟ್ರು:
ಉಬ್ಬಸದ ಮಾತು ಜಾಗ್ರತೆಯಿಂದ ಆಡೋಣ. ಊರಲ್ಲಿ ಎಲ್ಲರೂ ಹೇಳ್ತಾರೆ ನಿಜ, ಅಷ್ಟಕ್ಕೇ ಅದು ಸಾಬೀತಾದ ಹಾಗಲ್ಲ. ಒಂದು ತಪ್ಪು ಮಾತು ಸೇರಿಸಿದ್ರೆ ಉಳಿದ ಒಂಬತ್ತು ಸರಿ ಮಾತನ್ನೂ ಅಧಿಕಾರಿಗಳು ತಳ್ಳಿಹಾಕ್ತಾರೆ. ದರಕು ಸಿಗಲ್ಲ, ಮೇವು ಸಿಗಲ್ಲ, ಹಣ್ಣಿಲ್ಲದೇ ಮಂಗ ತೋಟಕ್ಕಿಳಿಯತ್ತೆ, ಇಷ್ಟು ಸಾಕಲ್ಲ ವಾದಕ್ಕೆ.

ಶರಾವತಿ ದಂಡೆ:
ಒಪ್ಪಿದೆ ಮೇಷ್ಟ್ರೇ, ಸಿಟ್ಟಲ್ಲಿ ಬರೆದೆ. ಇಲ್ಲಿ ಪಂಪ್ಡ್ ಸ್ಟೋರೇಜ್ ಅಂತ ಸಿಂಗಳೀಕದ ಕಾಡೊಳಗೇ 2000 ಮೆಗಾವ್ಯಾಟ್ ಯೋಜನೆ ತಂದಿದಾರೆ, ತಲಕಳಲೆಯಿಂದ ಗೇರುಸೊಪ್ಪಕ್ಕೆ ನೀರು ಇಳಿಸೋದು ಏರಿಸೋದು. ದಿನಾ ಸಭೆ, ಮನವಿ, ಅರ್ಜಿ. ಇಲ್ಲಿನ ಕುಟುಂಬಗಳು ಲಿಂಗನಮಕ್ಕಿ ಅಣೆಕಟ್ಟಿಗೆ ಆಗಲೇ ಒಮ್ಮೆ ಮನೆ ಬಿಟ್ಟಿವೆ. ಎಷ್ಟು ಸಲ ಅಂತ ಬಿಡೋದು.

ಮತ್ತಿಮರ:
ನನ್ನದು ಬೇರೆ ಅಭಿಪ್ರಾಯ, ಬಯ್ಯಬೇಡಿ. ಅಪ್ಪಿಕೋ ಅಪ್ಪಿಕೋ ಅಂತ ನಲವತ್ತು ವರ್ಷದಿಂದ ಹೇಳ್ತಿದೀವಿ, ಕಾಡು ಉಳೀತಾ? ಭಾರತೀಯ ವಿಜ್ಞಾನ ಸಂಸ್ಥೆಯವ್ರು ಉಪಗ್ರಹದ ಚಿತ್ರ ಇಟ್ಟುಕೊಂಡು ಲೆಕ್ಕ ಹಾಕಿದಾರೆ, 1970ರ ದಶಕದಲ್ಲಿ ಉತ್ತರ ಕನ್ನಡ ಜಿಲ್ಲೆಯ ಅರ್ಧಕ್ಕಿಂತ ಜಾಸ್ತಿ ಇದ್ದ ನಿತ್ಯಹರಿದ್ವರ್ಣ ಕಾಡು 2013ರ ಹೊತ್ತಿಗೆ ಮೂರನೇ ಒಂದು ಭಾಗಕ್ಕೆ ಇಳಿದಿದೆ. ಸೊಪ್ಪಿನ ಬೆಟ್ಟದಲ್ಲಿ ನಾವೇ ಕೊಂಬೆ ಕಡಿದು ಕಡಿದು ಮರ ಬರೀ ಕಂಬದ ಹಾಗೆ ಮಾಡಿದೀವಿ. ಹೊರಗಿನವರನ್ನ ಬಯ್ಯೋದು ಸುಲಭ.

ಕಾನುಮನೆ:
ಬಯ್ಯೋ ಮಾತೇ ಇಲ್ಲ, ಸರಿಯಾಗೇ ಹೇಳಿದೀರಿ. ಆದ್ರೆ ಒಂದು ಸೇರಿಸಿ. 1980ರ ದಶಕ ಮುಗಿಯೋ ಹೊತ್ತಿಗೆ ಸರ್ಕಾರ ಘಟ್ಟದ ಕಾಡಲ್ಲಿ ಹಸಿ ಮರ ಕಡಿಯೋದನ್ನ ನಿಲ್ಲಿಸ್ತಲ್ಲ, ಅದು ಆ ಜನ ಉಂಬಳ ಕಚ್ಚಿಸ್ಕೊಂಡು ನಿಂತಿದ್ದರ ಫಲ. ಅದು ಆಗದಿದ್ರೆ ನಾವಿವತ್ತು ವಾದ ಮಾಡೋಕೂ ಕಾಡು ಇರ್ತಿರ್ಲಿಲ್ಲ. ನಾವು ಸೋತಿದ್ದು "ಬೆಳೆಸು" ಅನ್ನೋ ಎರಡನೇ ಮಾತಲ್ಲಿ.

ಅಂಕೋಲೆಯವ:
ಬೆಳೆಸೋ ಮಾತಿಗೆ ನಮ್ಮ ಹೊನ್ನಳ್ಳಿಯ ತುಳಸಿ ಗೌಡರು ನೆನಪಾದ್ರು. 2024ರ ಡಿಸೆಂಬರಲ್ಲಿ ತೀರಿಕೊಂಡ್ರು. ಶಾಲೆಗೆ ಹೋದವರಲ್ಲ, ಅರಣ್ಯ ಇಲಾಖೆ ನರ್ಸರಿಯಲ್ಲಿ ದಿನಗೂಲಿಗೆ ಸೇರಿ, ಕಾಡಲ್ಲಿ ಯಾವುದು ತಾಯಿಮರ, ಯಾವ ಮರದ ಬೀಜ ಯಾವಾಗ ಆರಿಸಬೇಕು ಅಂತ ನೋಡಿದ್ರೇ ಹೇಳೋರು. ಪದ್ಮಶ್ರೀ ತಗೊಳ್ಳೋಕೂ ಬರಿಗಾಲಲ್ಲೇ ಹೋದ್ರು. ಮಾಣಿಯವ್ರೇ ನಿಮ್ಮ ಆ ಮೂರು ಹೊನ್ನೆ ತಾಯಿಮರಗಳೇ ಆಗಿರಬಹುದು, ಕಾಯಿ ಬಿಟ್ಟಿದ್ರೆ ಬೀಜ ಆರಿಸಿಟ್ಟುಕೊಳ್ಳಿ, ಮರ ಹೋದ್ರೂ ತಳಿ ಉಳಿಯತ್ತೆ.

ಅಪ್ಪೆಮಿಡಿ:
ಸ್ವಲ್ಪ ವಿಷಯ ಬಿಟ್ಟು ಹೋಗ್ತೀನಿ, ಕ್ಷಮಿಸಿ. ಹೊಳೆಬದಿ ಅಪ್ಪೆ (ಉಪ್ಪಿನಕಾಯಿ ಮಿಡಿಯ ಕಾಡುಮಾವು) ಮರಗಳ ಕಥೆಯೂ ಇದೇ ಆಗಿದೆ. ಮಿಡಿಗೆ ರೇಟ್ ಬಂದಿದ್ದೇ ತಡ ಕೊಂಬೆ ಸಮೇತ ಕಡಿದು ಕೆಳಗೆ ಹಾಕಿ ಕೊಯ್ಯೋಕೆ ಶುರು ಮಾಡಿದ್ರು. ಹುಳಿಗೆ ಬಳಸೋ ಉಪ್ಪಾಗೆ ಮರಕ್ಕೂ ಹಂಗೇ ಆಯ್ತು, ಕಾಯಿಗೆ ಅಂತ ಮರ ಕಡಿಯೋದು, ಅದನ್ನ ಒಣಗಿಸೋಕೆ ಮತ್ತೆ ರಾಶಿ ರಾಶಿ ಕಟ್ಟಿಗೆ ಸುಡೋದು. ನಮ್ಮೂರಲ್ಲಿ ಹತ್ತು ಹನ್ನೆರಡು ಮನೆಯವ್ರು ಸೇರಿ ಒಳ್ಳೇ ಅಪ್ಪೆಗಳ ಕುಡಿ ತಂದು ಕಸಿ ಕಟ್ಟಿ ಬೇಣದಲ್ಲಿ (ಹುಲ್ಲಿನ ಜಾಗ) ನೆಟ್ಟಿದೀವಿ, ಹೊಳೆಬದಿ ಮರಕ್ಕೆ ಕತ್ತಿ ತಾಗಿಸ್ಬಾರ್ದು ಅಂತ ದೇವಸ್ಥಾನದಲ್ಲಿ ಮಾತಾಗಿದೆ. ಮೂರು ವರ್ಷ ಆಯ್ತು, ಮಾತು ಮುರಿದಿಲ್ಲ.

ಟ್ರಾಫಿಕ್‌ನಲ್ಲಿ ಸಿಕ್ಕವ:
ದೇವಸ್ಥಾನದ ಮಾತು ಕಾನೂನಿಗಿಂತ ಗಟ್ಟಿನಾ?

ಅಪ್ಪೆಮಿಡಿ:
ನಮ್ಮೂರಲ್ಲಿ ಗಟ್ಟಿ. ಕಾನೂನು ಸಿದ್ದಾಪುರದಿಂದ ಬರಬೇಕು, ಮಾತು ಕೊಟ್ಟವರು ದಿನಾ ಎದುರಿಗೇ ಸಿಗ್ತಾರೆ.

ವಕೀಲಮ್ಮ:
ಎರಡೂ ಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಕಾಡು ಕಾಯೋದೂ ಗ್ರಾಮಸಭೆಯ ಹಕ್ಕು ಅಂತಲೇ ಬರೆದಿದೆ, ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಹುಲಿ ಮೀಸಲು ಪ್ರದೇಶದೊಳಗೇ ಸಮುದಾಯದ ಹಕ್ಕು ಪಡೆದ್ರು. ಆದ್ರೆ ನಮ್ಮ ಕಡೆ ಪರಿಶಿಷ್ಟ ಪಂಗಡದವರಲ್ಲದ ಕುಟುಂಬಗಳಿಗೆ 75 ವರ್ಷದ ವಾಸ ತೋರಿಸಬೇಕಾದ್ದರಿಂದ ಆ ದಾರಿ ಉದ್ದ. ಅದಕ್ಕಿಂತ ಹತ್ತಿರದ್ದು ಪಂಚಾಯ್ತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ. ಪ್ರತಿ ಪಂಚಾಯ್ತಿಯಲ್ಲೂ ಇರಲೇಬೇಕು, ಎಷ್ಟೋ ಕಡೆ ಹೆಸರಿಗೆ ಮಾತ್ರ ಇದೆ. ನಿಮ್ಮ ಬೆಟ್ಟದ ದೊಡ್ಡ ಮರಗಳನ್ನ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಸೇರಿಸಿ. ಹೊಸನಗರ, ಸಾಗರ ಕಡೆಯವ್ರು ಅಂಬಾರಗುಡ್ಡಕ್ಕಾಗಿ ವರ್ಷಗಟ್ಟಲೆ ಓಡಾಡಿದ್ದಕ್ಕೇ ಅದು 2011ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆ ಆಗಿದ್ದು. ಬರೆದಿಟ್ಟಿದ್ದಕ್ಕೆ ಬೆಲೆ ಇದೆ.

ಸುರಗಿ:
ಮಾಣಿ ಎಲ್ಲಿ? ಎರಡು ವಾರ ಆಯ್ತು ಸುದ್ದಿ ಇಲ್ಲ.

ಬೆಟ್ಟದ ಮಾಣಿ:
ಇದೀನಿ, ಅಡಿಕೆ ಕೊಯ್ಲು ನಡೀತಿತ್ತು. ಏನಾಯ್ತು ಅಂತ ಪೂರ್ತಿ ಹೇಳ್ತೀನಿ.

ಯಾರ ಮೇಲೂ ಹೆಸರು ಹಾಕದೇ ಅರ್ಜಿ ಕೊಟ್ಟೆ, ಗಾರ್ಡು ಬಂದು ಮಹಜರು ಮಾಡಿ ಮೂರೂ ಮರಕ್ಕೆ ನಂಬರ್ ಹಾಕಿದ್ರು. ಆಮೇಲೆ ಕಾನುಮನೆ ಅಣ್ಣ ಹೇಳಿದ ಹಾಗೆ ಮರದ ಮಾತು ತೆಗೀದೇ ನೀರಿನ ಮಾತು ತೆಗೆದೆ. ಆ ಬೆಟ್ಟದ ಬುಡದ ಹಳ್ಳದಿಂದಲೇ ನಮ್ಮ ಎಂಟು ಮನೆಗೂ ಅಬ್ಬಿ ನೀರು (ಗುಡ್ಡದಿಂದ ತಾನಾಗೇ ಇಳಿದು ಬರೋ ನೀರು) ಬರೋದು, ಹೋದ ವರ್ಷ ಮಾರ್ಚಲ್ಲೇ ನಿಂತಿತ್ತು. ಈ ಸಲ ಬೇಸಿಗೆಗೆ ಏನ್ ಮಾಡೋಣ ಅಂತ ಒಂದು ಭಾನುವಾರ ಎಲ್ಲರನ್ನೂ ನಮ್ಮನೆ ಅಂಗಳಕ್ಕೆ ಕರೆದೆ. ಆ ಮನೆಯವ್ರೂ ಬಂದಿದ್ರು. ಯಾರೂ ಅವರ ಕಡೆ ತಿರುಗಿ ನೋಡ್ಲಿಲ್ಲ, ಯಾರೂ ಹೆಸರು ಹೇಳ್ಲಿಲ್ಲ. ಮಾತು ನೀರಿಂದ ಬೆಟ್ಟಕ್ಕೆ ತಾನಾಗೇ ಹೋಯ್ತು. ಶುರು ಮಾಡಿದ್ದು ಪಕ್ಕದ ಮನೆ ಅತ್ತೆ, ನಾನು ಮದುವೆಯಾಗಿ ಬಂದಾಗ ಮೇ ತಿಂಗಳಲ್ಲೂ ಅಬ್ಬಿ ಬೀಳ್ತಿತ್ತು, ಈಗ ಕೊಡ ಹಿಡಿದು ಹೋಗೋದು ನಿಮ್ಮ ಗಂಡಸರಲ್ಲ ಅಂದ್ರು. ಅಂಗಳ ಸುಮ್ಮನಾಯ್ತು.

ಕಡೆಗೆ ಆಗಿದ್ದು ಏನಂದ್ರೆ ವಾರಕ್ಕೊಂದು ಮನೆಯವ್ರು ಬೆಟ್ಟ ಸುತ್ತಿ ಬರೋದು, ಹಳ್ಳದ ಎರಡೂ ದಡದಲ್ಲಿ ಸೊಪ್ಪು ಕಡಿಯೋದು ಐದು ವರ್ಷ ನಿಲ್ಲಿಸೋದು, ದೊಡ್ಡ ಮರ ಎಲ್ಲ ಎಣಿಸಿ ಪಂಚಾಯ್ತಿ ದಾಖಲಾತಿಗೆ ಕೊಡೋದು. ನಾವು ಎಣಿಸಿದಾಗ ಹೊನ್ನೆ 11, ಮತ್ತಿ 46, ನಂದಿ 38, ಕಿಂದಾಳ 29, ಬೀಟೆ ಬರೀ ಎರಡು ಸಿಕ್ವು. ಆ ಮನೆ ಹುಡುಗನೇ ಟೇಪ್ ಹಿಡಿದು ಸುತ್ತಳತೆ ತೆಗೆದ. ಅವನ ಅಪ್ಪ ಜೆಸಿಬಿ ಕರೆಸಿಲ್ಲ ಇಲ್ಲಿವರೆಗೆ. ಮುಂದೆ ಹ್ಯಾಗೋ ಗೊತ್ತಿಲ್ಲ.

ಎರಡು ಮರ ಸತ್ತವು. ಮೂರನೇದಕ್ಕೆ ಒಂದು ಕಡೆ ಅಂಗೈ ಅಗಲ ತೊಗಟೆ ಉಳಿದಿತ್ತು, ಸಗಣಿ ಮಣ್ಣು ಮೆತ್ತಿ ಗೋಣಿ ಕಟ್ಟಿದೀವಿ, ಇನ್ನೂ ಹಸಿರಾಗೇ ಇದೆ.

ಅಡಿಕೆ ಸುಲಿಯೋಳು:
ಆ ಅತ್ತೆಗೆ ನನ್ನ ನಮಸ್ಕಾರ ಹೇಳು ತಮ್ಮಾ.

ಕಾಡುಗಾವಲು:
ಮಳೆಗಾಲದವರೆಗೂ ಗೋಣಿ ತೆಗೀಬೇಡಿ. ಗೆದ್ದಲು ಹತ್ತಿದ್ಯಾ ಅಂತ ಮಾತ್ರ ಹದಿನೈದು ದಿನಕ್ಕೊಮ್ಮೆ ನೋಡಿ.

ಸಾಗರದ ಬಡಗಿ:
ಸತ್ತ ಎರಡು ಮರ ನಿಂತಲ್ಲೇ ಇರ್ಲಿ ಬಿಡಿ, ಮಂಗಟ್ಟೆ ಹಕ್ಕಿಗೆ, ಹಾರುಬೆಕ್ಕಿಗೆ ಪೊಟರೆ ಬೇಕು. ಬಡಗಿಯಾಗಿ ಹೇಳ್ತಿದೀನಿ, ಆ ನಾಟಾ ಯಾರಿಗೂ ಬೇಡ.

ಅಂಕೋಲೆಯವ:
ಬೀಜ ಸಿಕ್ತಾ?

ಬೆಟ್ಟದ ಮಾಣಿ:
ಸಿಕ್ತು ಅಣ್ಣ. ಸತ್ತ ಮರದ ಬುಡದಲ್ಲೇ ರೆಕ್ಕೆಕಾಯಿ ಉದುರಿ ಬಿದ್ದಿತ್ತು, ಒಂದು ಚೀಲ ತುಂಬಿದೀನಿ. ಶಾಲೆ ಮಕ್ಕಳ ಕೈಲಿ ಪಾಕೀಟಿಗೆ ಹಾಕಿಸೋಣ ಅಂತಿದೆ. ಯಾರಿಗಾದ್ರೂ ಬೇಕಿದ್ರೆ ಮೆಸೇಜ್ ಮಾಡಿ, ಅಂಚೆಯಲ್ಲಿ ಕಳಿಸ್ತೀನಿ.

ಕುಮಟೆ ತಂಗಿ:
ನಂಗೆ ಇಪ್ಪತ್ತು ಕಾಯಿ ಸಾಕು.

ಹಾವೇರಿ ಹುಡುಗ:
ನಮಗೂ ಕಳಸ್ರೀ ಅಣ್ಣಾರ, ಕುಸನೂರ ಕಡೀ ನೆಲಕ್ಕ ಬರ್ತೈತೇನ ನೋಡೂಣು.